ಶಿವಬಸವ್ವನವರಿಗೆ ಮಕ್ಕಳೆಷ್ಟು

ಮರಾಠಿ ಸೀಮೆಯ ಹಡಪಸರದ ಕನ್ನಡದ ಮನೆಗಳಲ್ಲಿ ಮದುವೆ, ಬಸಿರು, ಬಾಣಂತನ, ಅದರ ಅಪಾಯಗಳು ಇವೆಲ್ಲದರ ಬಗ್ಗೆ ಪ್ರೊಫೆಸರ್ ಅವಧೂತ ಸಂಶೋಧನೆ ನಡೆಸುತ್ತಿದ್ದರು. ನಡೆಸುತ್ತಿದ್ದರು ಎಂದರೆ, ಫ್ಯಾನಿನ ಕೆಳಗೆ ಕೂತಿರುತ್ತಿದ್ದರು. ಬಿಸಿಲಲ್ಲಿ ಮನೆಮನೆ ತಿರುಗುತ್ತಿದ್ದವರು ಬೆಳಗಾವಿ ಕಡೆಯ ಶಿವಬಸವ್ವ, ವಯಸ್ಸು ಐವತ್ತೆರಡು. ಪ್ರಶ್ನೆಗಳನ್ನು ಕನ್ನಡಕ್ಕೆ ಇಳಿಸಿದ ಪಾಪ ನನ್ನದು. ‘ತಾವು ಎಷ್ಟು ಬಾರಿ ಗರ್ಭಧಾರಣೆಗೆ ಒಳಗಾಗಿದ್ದೀರಿ?’ ಎಂದು ಬರೆದು ಒಂದು ವಾರ ಬೀಗಿದ್ದೆ. ಶಿವಬಸವ್ವ ಹೊಸ್ತಿಲ ಮೇಲೆ ಕೂತು, “ಎಷ್ಟ ಸಲ ಬಸರಾಗಿದ್ದಿ ಯವ್ವಾ? ಉಳದೂವೆಷ್ಟು?” ಅಂದರೆ ಸಾಕು, ಮನೆಯಾಕೆ ಬೆರಳು ಮಡಚತೊಡಗುತ್ತಿದ್ದಳು.

ಕೆಲವರು ತಿರುಗಿ ಕೇಳುತ್ತಿದ್ದರು: “ನಿಮಗೆಷ್ಟ್ರಿ ಮಕ್ಕಳು?”

“ಒಬ್ಬಾಕಿ,” ಎನ್ನುತ್ತಿದ್ದರು. ಆ ದಿನ ಮುಂದಿನ ಮನೆಗೆ ಹೋಗುತ್ತಿರಲಿಲ್ಲ.

ಆ ಒಬ್ಬಾಕಿ ತನುಶ್ರೀ. ಹೆತ್ತವಳು ಶಿವಬಸವ್ವನವರ ಅಕ್ಕ ಯಂಕವ್ವ. ಬಸಿರಿನಲ್ಲಿ ಕಾಲು ಬಾತು, ಹೆರಿಗೆಯ ಹೊತ್ತಿಗೆ ಫಿಟ್ಸ್ ಬಂದು, ಕೂಸಿನ ಮುಖ ನೋಡದೆ ಹೋದಳು. ಹೆರಿಗೆಯಲ್ಲಿ ಸತ್ತವಳ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆಂದು ಮನೆಯವರೆಲ್ಲ ಬಾಯಿ ಮುಚ್ಚಿಕೊಂಡರು. ತನುಶ್ರೀಗೂ ಹೇಳಲಿಲ್ಲ.

ಯಂಕವ್ವ ಮಾತ್ರ ಬಿಡಲಿಲ್ಲ. “ಯಾವ ಮನೀಗೆ ಹೋದ್ರೂ ಒಳಗಿಂದ ಅಕ್ಕನ ದನಿ ಕೇಳಸ್ತದ್ರಿ,” ಎಂದು ಶಿವಬಸವ್ವ ಒಮ್ಮೆ ನನಗೆ ಹೇಳಿದರು. “‘ನನ್ನ ಕೂಸು ಬರ್ಕೊಂಡಿಯೇನ?’ ಅಂತ ಕೇಳ್ತಾಳ.”

ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ಹೋಗಬೇಡಿ ಎಂದು ನಾನು ದೊಡ್ಡ ವೈದ್ಯನ ಹಾಗೆ ಸಲಹೆ ಕೊಟ್ಟೆ.

ಮದುವೆಯಾದ ತನುಶ್ರೀ ಏಳು ತಿಂಗಳ ಬಸುರಿಯಾಗಿದ್ದಾಗ ಅವಳ ಕಾಲೂ ಬಾತವು. ತಪಾಸಣೆಗೆ ಶಿವಬಸವ್ವನವರೂ ಅವಳ ಅತ್ತೆ ನರ್ಮದಾಬಾಯಿಯೂ ಜೊತೆಗೆ ಹೋದರು. ಬಿ.ಪಿ. ನೋಡಿದ ಡಾಕ್ಟರಮ್ಮ ಇನ್ನೊಮ್ಮೆ ನೋಡಿದರು. ಆಮೇಲೆ ಮರಾಠಿಯಲ್ಲಿ, ತಾಯಿಯ ಕಡೆ ಯಾರಿಗಾದರೂ ಹೆರಿಗೆಯಲ್ಲಿ ಫಿಟ್ಸ್ ಬಂದಿತ್ತೇ ಎಂದು ಕೇಳಿದರು.

ನರ್ಮದಾಬಾಯಿಗೆ ನಗು ಬಂತು. “ನೋಡ್ರಿ ಬೀಗ್ತಿ, ಏನ್ ಕೇಳ್ತಾರ! ನಾವು ಭಾಳ ವಿಚಾರ್ಸೇ ಹೆಣ್ಣ ತಂದೀವಿ. ತಾಯಿ ಇಲ್ಲೇ ಗಟ್ಟಿಮುಟ್ಟ ಕುಂತಾರ.”

ಇನ್ನೂರು ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿದ್ದ ಶಿವಬಸವ್ವ ಮಗಳ ಪಾದ ನೋಡಿದರು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು.

“ನಾ ಹಡದಾಕಿ ಅಲ್ರಿ,” ಎಂದರು. “ಹಡದಾಕಿ ನಮ್ಮಕ್ಕ. ಫಿಟ್ಸ್ ಬಂದು ಹೋದ್ಲು.”

ಡಾಕ್ಟರಿಗೆ ತಿಳಿಯಲಿಲ್ಲ. ಅದನ್ನೇ ಮರಾಠಿಯಲ್ಲಿ ಎರಡನೇ ಸಲ ಹೇಳಬೇಕಾಯಿತು. ತನುಶ್ರೀ ಶಿವಬಸವ್ವನವರ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡಳು.

ಆಗಿಂದಾಗಲೇ ಅವಳನ್ನು ಅಡ್ಮಿಟ್ ಮಾಡಿಕೊಂಡರು. ಹೊರಗೆ ಬೆಂಚಿನ ಮೇಲೆ ನರ್ಮದಾಬಾಯಿ, “ನಮಗ ಸುಳ್ಳ ಹೇಳಿದ್ರಿ, ಹೋಗ್ಲಿ. ಆ ಹುಡುಗಿಗೂ ಏನ್ರಿ?” ಎಂದು ಮುಖ ತಿರುಗಿಸಿ ಕೂತರು.

ಎಷ್ಟೋ ಹೊತ್ತಿನ ಮೇಲೆ ನರ್ಸ್ ಬಾಗಿಲು ತೆಗೆದು, ತನುಶ್ರೀಯ ತಾಯಿ ಯಾರು, ಪೇಶಂಟ್ ಕರೆಯುತ್ತಿದ್ದಾರೆ ಎಂದಳು.

ಶಿವಬಸವ್ವ ಏಳಲಿಲ್ಲ. ಬೆಂಚಿನ ಖಾಲಿ ತುದಿಯತ್ತ ನೋಡುತ್ತಿದ್ದರು, ಅಲ್ಲಿಂದ ಯಾರೋ ಏಳಲಿ ಎಂದು ಕಾಯುವವರಂತೆ.

“ಏಳ್ರಿ ನಮ್ಮವ್ವಾ,” ನರ್ಮದಾಬಾಯಿ ಅವರ ಮೊಣಕೈ ಹಿಡಿದು ಎಬ್ಬಿಸಿದರು. “ನಿಮ್ಮನ್ನೇ ಕರ್ಯಾಕತ್ತಾಳ.”