ಬಹುವಚನದ ಮೆಟ್ಟಿಲು

ಪ್ರೊಫೆಸರ್ ಗಿರಿಧರ್ ಮೂವತ್ತು ವರ್ಷ ಚೆನ್ನೈನಲ್ಲಿ, ನಗರ ಹೇಗಿರಬೇಕು ಎಂದು ಪಾಠ ಹೇಳಿದರು. ಅವರ ಶಿಷ್ಯರು ಊರ ತುಂಬ ಮಾಲು, ಆಸ್ಪತ್ರೆ, ಇಪ್ಪತ್ತಂತಸ್ತಿನ ಫ್ಲ್ಯಾಟುಗಳನ್ನು ಕಟ್ಟಿದ್ದಾರೆ. ಗುರುಗಳು ಕಟ್ಟಿದ್ದು ಒಂದೇ ಮನೆ. ಅದರಲ್ಲಿ ವಾಸವಾಗಿರುವವನು ನಾನು.

ಇದನ್ನು ದೂರು ಎಂದು ತಿಳಿಯಬಾರದು. ಮಳೆಗಾಲದಲ್ಲಿ ಮಾತ್ರ ಅದು ದೂರು. ಉಳಿದ ತಿಂಗಳುಗಳಲ್ಲಿ ಹೆಮ್ಮೆ.

ಅವರೂ ನಾನೂ ಮೈಸೂರಿನ ಕಡೆಯವರು. ನಾನು ವಿಮಾ ಕಚೇರಿಯ ವರ್ಗಾವಣೆಯ ಮೇಲೆ ಬಂದವನು. ವಾಪಸು ವರ್ಗಕ್ಕೆ ನಾಳೆ ಅರ್ಜಿ ಬರೆಯೋಣ ಎನ್ನುತ್ತಲೇ ತಾಂಬರಂನಲ್ಲಿ ಸೈಟು ಕೊಂಡುಬಿಟ್ಟೆ. ಒಂದು ದಿನ ಲೋಕಲ್ ರೈಲಿನಲ್ಲಿ ತಮ್ಮ ಕಾಲು ತುಳಿದವನನ್ನು ಗಿರಿಧರ್ ಕನ್ನಡದಲ್ಲಿ ಬೈದರು. ತುಳಿದವನು ನಾನೇ ಆಗಿದ್ದರಿಂದ ಪರಿಚಯವಾಯಿತು.

ನಗರವನ್ನು ಕಾಲಿನಿಂದ ಓದಬೇಕು ಎಂಬುದು ಅವರ ಸಿದ್ಧಾಂತ. ಹಾಗೆ ಓದಲು ಒಮ್ಮೆ ಇಪ್ಪತ್ತು ಹುಡುಗರನ್ನು ತ್ರಿಪ್ಲಿಕೇನ್ ಗಲ್ಲಿಗಳಿಗೆ ಕರೆದುಕೊಂಡು ಹೋಗಿ, ದಾರಿ ತಪ್ಪಿ, ಒಂದೇ ಮೆಸ್ಸಿನ ಮುಂದೆ ಮೂರು ಸಲ ಹಾದುಹೋದರು. ಮೂರನೇ ಸಲ ಮೆಸ್ಸಿನವನೇ ಕರೆದು ಎಲೆ ಹಾಕಿದ. ರಾಯಪುರಂನ ಮೀನುಗಾರರ ದಡಕ್ಕೆ ಅವರು ಬರೆದ ನಕ್ಷೆ ಬಹಳ ಸುಂದರವಾಗಿತ್ತು. ಅದರ ನಡುವೆ ಅರ್ಧಚಂದ್ರಾಕಾರದ ಬಯಲು ರಂಗಮಂದಿರವೂ ಇತ್ತು. ದೋಣಿ ಎಲ್ಲಿ ನಿಲ್ಲಿಸೋದು ಎಂದು ಒಬ್ಬ ಮುದುಕ ಕೇಳಿದ ಮೇಲೆ ಆ ನಕ್ಷೆ ಸುರುಳಿಯಾಗಿ ಬೀರುವಿನ ಮೇಲೆ ಹೋಯಿತು. ಅಲ್ಲಿ ಅದಕ್ಕೆ ಸಾಕಷ್ಟು ಜೊತೆಯಿತ್ತು.

ಆದರೆ ಜ್ಯೂರಿಯಲ್ಲಿ, ಅಂದರೆ ಹುಡುಗರು ಗೋಡೆಗೆ ನಕ್ಷೆ ಅಂಟಿಸಿ ಬೈಸಿಕೊಳ್ಳುವ ದಿನ, ಅವರನ್ನು ಕಂಡರೆ ಎಲ್ಲರಿಗೂ ನಡುಕ. ವಿಮಾನ ನಿಲ್ದಾಣವಿರಲಿ, ಸ್ಮಶಾನವಿರಲಿ, ಅವರದು ಒಂದೇ ಪ್ರಶ್ನೆ: "ಇದರಲ್ಲಿ ಜನ ಎಲ್ಲಿ ಕೂರ್ತಾರೆ?" ಎಷ್ಟೋ ಹುಡುಗರು ಈ ಪ್ರಶ್ನೆಗೆ ಹೆದರಿ ಕೊನೆಯ ಗಳಿಗೆಯಲ್ಲಿ ನಕ್ಷೆಯ ಮೂಲೆಗಳಲ್ಲೆಲ್ಲ ಬೆಂಚು ಗೀಚುತ್ತಿದ್ದರು.

ನನ್ನ ಮನೆಗೂ ಅವರು ಕೂರುವ ಜಾಗ ಬರೆದಿದ್ದರು. ಮಂಗಳೂರು ಹೆಂಚಿನ ಇಳಿಜಾರು ಮಾಡು, ನಡುವೆ ತೊಟ್ಟಿ, ರಸ್ತೆಗೆ ಮುಖ ಮಾಡಿ ದಾರಿಹೋಕರು ಕೂರಲು ಒಂದು ಜಗಲಿ. ಮೇಸ್ತ್ರಿ ಏಳುಮಲೈಗೆ ಈ ನಕ್ಷೆಯಿಂದ ದುಃಖವಾಗಿತ್ತು. ಮೇಲೆ ತಾರಸಿಯಿಲ್ಲದ ಮನೆಯನ್ನು ಅವನ ವಂಶದಲ್ಲೇ ಯಾರೂ ಕಟ್ಟಿರಲಿಲ್ಲ.

ಹೆಂಚು ಹೊದಿಸಿದ ವಾರ ಗಿರಿಧರ್ ದೆಹಲಿಯಲ್ಲಿ ವಿಚಾರಸಂಕಿರಣದಲ್ಲಿದ್ದರು. ಏಳುಮಲೈ ಮೂಲೆಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಮುಂದಿನ ಭಾಗ ಶುರುಮಾಡಲಾ ಎಂದು ತಮಿಳಿನಲ್ಲಿ ಕೇಳಿದ. ಗಿರಿಧರ್ ಚೆನ್ನೈಗೆ ಬಂದು ಆಗಲೇ ನಾಲ್ಕು ವರ್ಷವಾಗಿದ್ದರೂ ಅವಸರಕ್ಕೆ ಬಾಯಿಗೆ ಬರುತ್ತಿದ್ದುದು ಕನ್ನಡವೇ. "ಹ್ಞೂಂ, ಮಾಡಿ ಮಾಡಿ" ಎಂದು ಫೋನಿಟ್ಟರು.

ತಮಿಳಿನಲ್ಲಿ ಮಾಡಿ ಎಂದರೆ ಮಹಡಿ.

ತಪ್ಪೆಲ್ಲ ಮೈಸೂರಿನ ಮರ್ಯಾದೆಯದು. ಮೇಸ್ತ್ರಿಯನ್ನು ಏಕವಚನದಲ್ಲಿ ಮಾತಾಡಿಸಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಮರ್ಯಾದೆ ಬಿಟ್ಟು 'ಮಾಡು' ಎಂದಿದ್ದರೂ ನನಗೇನೂ ಲಾಭವಾಗುತ್ತಿರಲಿಲ್ಲ. ತಮಿಳಿನಲ್ಲಿ ಅದು ದನ. ಮನೆ ಮುಂದೆ ಕೊಟ್ಟಿಗೆ ಎದ್ದಿರುತ್ತಿತ್ತು.

ಕೊನೆಗೂ ಸಾರ್‌ಗೆ ಬುದ್ಧಿ ಬಂತೆಂದು ಸಂತೋಷಪಟ್ಟ ಏಳುಮಲೈ, ಜಗಲಿ ಬರಬೇಕಾದ ಜಾಗದಲ್ಲಿ ರಸ್ತೆಗೇ ಇಳಿಯುವ ಹಾಗೆ ಹದಿನಾರು ಮೆಟ್ಟಿಲು ಎಬ್ಬಿಸಿದ. ಎದುರಿಗಿದ್ದ ನಾನು ಏಕೆ ಸುಮ್ಮನಿದ್ದೆ ಎಂದು ನನ್ನ ಹೆಂಡತಿ ಕಲಾವತಿ ಇಂದಿಗೂ ಕೇಳುತ್ತಾಳೆ. ಆರ್ಕಿಟೆಕ್ಟ್ ಅಂದ ಮೇಲೆ ಹೀಗೇ ಏನೋ ಇರುತ್ತದೆ ಎಂದುಕೊಂಡಿದ್ದೆ. ದೆಹಲಿಯಿಂದ ಬಂದ ಗಿರಿಧರ್ ಮೆಟ್ಟಿಲನ್ನು, ಅದು ಹೋಗಿ ಮುಗಿಯುವ ಹೆಂಚಿನ ಅಂಚನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇಸ್ತ್ರಿಗೆ, ಸಾಕು, ಇಲ್ಲಿಗೆ ನಿಲ್ಲಿಸಿ ಎಂದರು. ನನ್ನ ಕೈಯಲ್ಲಿ ಮಹಡಿ ಕಟ್ಟಿಸುವ ಶಕ್ತಿ ಇಲ್ಲವೆಂದು ಏಳುಮಲೈ ತಿಳಿದುಕೊಂಡ. ಎಲ್ಲಿ ಸಿಕ್ಕಿದರೂ, ಮಾಡಿ ಯಾವಾಗ ಸಾರ್, ಎಂದು ಕರುಣೆಯಿಂದ ಕೇಳುತ್ತಿದ್ದ.

ಆರು ತಿಂಗಳ ಬಳಿಕ ಗಿರಿಧರ್ ಒಂದು ಪ್ರಬಂಧ ಬರೆದರು. ಎಲ್ಲಿಗೂ ಹೋಗದ ಮೆಟ್ಟಿಲು ನಗರದ ಧಾವಂತಕ್ಕೆ ಕೊಟ್ಟ ಉತ್ತರ ಎಂಬುದು ಅದರ ಸಾರಾಂಶ. ಅಲ್ಲಿಂದ ಮುಂದೆ ಪ್ರತಿ ವರ್ಷ ಒಂದು ತಂಡ ಹುಡುಗರು ಬಂದು ನನ್ನ ಮೆಟ್ಟಿಲನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. ಗುರುಗಳು ಕೆಳಗೆ ನಿಂತು ಕೋಲು ತೋರಿಸಿ ವಿವರಿಸುತ್ತಾರೆ. ಕಲಾವತಿ ಮೇಲಿನ ಮೆಟ್ಟಿಲಿನಿಂದ ಸಂಡಿಗೆ ಎತ್ತಿಡುತ್ತಾಳೆ.

ಹೋದ ಮೇ ತಿಂಗಳಲ್ಲಿ ಅವರು ನಿವೃತ್ತರಾದರು. ಅದಕ್ಕೆ ಒಂದು ವಾರ ಮೊದಲು ಬೆಳಿಗ್ಗೆಯೇ ಬೆವರೊರೆಸುತ್ತ ಮನೆಗೆ ಬಂದರು. ಅವರ ಶಿಷ್ಯೆ, ಈಗಿನ ವಿಭಾಗದ ಮುಖ್ಯಸ್ಥೆ ಸುಮೇಧಾ, ಬೀಳ್ಕೊಡುಗೆಯನ್ನು ಮೆಟ್ಟಿಲ ಮೇಲೇ ಏರ್ಪಡಿಸಿದ್ದಳಂತೆ. ಅಷ್ಟೇ ಅಲ್ಲ, ಏಳುಮಲೈಯನ್ನು ಹುಡುಕಿ ಸನ್ಮಾನಕ್ಕೆ ಒಪ್ಪಿಸಿದ್ದಳು.

"ಒಳ್ಳೇದಾಯ್ತಲ್ಲ" ಎಂದೆ.

"ಏನ್ ಒಳ್ಳೇದು? ಮೇಸ್ತ್ರಿಯವರು ಬಾಯಿ ಬಿಟ್ಟರೆ ನನ್ನ ಮೂವತ್ತು ವರ್ಷದ ಸರ್ವೀಸು ಒಂದು ಎಸ್‌ಟಿಡಿ ಕಾಲ್ ಅಂತ ಗೊತ್ತಾಗತ್ತೆ. ನೀವೇ ಹೇಗಾದ್ರೂ ತಡೀಬೇಕು."

ಅಡುಗೆಮನೆಯಿಂದ ಕಲಾವತಿ ಹೇಳಿದಳು: "ನಿಜ ಹೇಳ್ಬಿಡಿ ಗಿರಿಧರ್. ಅರವತ್ತಾಯ್ತು. ಇನ್ನು ಇನ್‌ಕ್ರಿಮೆಂಟ್ ಕಟ್ ಮಾಡ್ತಾರಾ?"

ಅವರು ಕಾಫಿ ಕುಡಿಯದೆ ಹೋದರು.

ಸಮಾರಂಭದ ದಿನ ಸಂಜೆ ಐದಕ್ಕೇ ಮೆಟ್ಟಿಲು ಭರ್ತಿಯಾಯಿತು. ನಲವತ್ತು ಹುಡುಗ ಹುಡುಗಿಯರು, ದಿನಾ ಅಲ್ಲಿ ಕೂತು ಮಲ್ಲಿಗೆ ಕಟ್ಟುವ ಹೂವಿನಾಕೆ, ಷೇರ್ ಆಟೋಗೆ ಕಾಯುತ್ತಿದ್ದ ಇಬ್ಬರು. ತಡೆಯಲು ನನಗೆ ಉಪಾಯವೊಂದೂ ಹೊಳೆದಿರಲಿಲ್ಲ. ಏಳುಮಲೈ ಪಕ್ಕ ಕೂತು ಅವನಿಗೆ ಮೇಲಿಂದ ಮೇಲೆ ಬಜ್ಜಿ ಕೊಡುತ್ತಿದ್ದೆ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಸುಮೇಧಾ ಶಾಲು ಹೊದಿಸಿ ಮೈಕು ಕೊಟ್ಟು, ಅವತ್ತು ಸಾರ್ ನಿಮಗೆ ಏನು ಹೇಳಿದರು ಎಂದು ಕೇಳಿದಳು. ಅವನ ಬಾಯಲ್ಲಿ ಬಜ್ಜಿಯಿತ್ತು. ನುಂಗಿದ.

"ಫೋನಿನಲ್ಲಿ ಮಾಡಿ ಅಂದರು. ಕಟ್ಟಿದೆ."

ಗಿರಿಧರ್ ಕಣ್ಣು ಮುಚ್ಚಿದರು. ಆದರೆ ಕೂತವರೆಲ್ಲ ತಮಿಳು ಬಲ್ಲವರು. ಮಹಡಿ ಎಂದು ಹೇಳಿ, ಮಹಡಿಯಿಲ್ಲದೆ ಬರೀ ಮೆಟ್ಟಿಲು ಕಟ್ಟಿಸಿದ್ದಾರೆ, ಆಹಾ ಎಂದು ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಒಬ್ಬ ಅದನ್ನು ಬರೆದುಕೊಂಡ.

ಅಲ್ಲಿಗೆ ಅವರು ಬಚಾವಾಗಿದ್ದರು. ಸುಮ್ಮನೆ ಕೈಮುಗಿದು ಹಾರ ಹಾಕಿಸಿಕೊಂಡಿದ್ದರೆ ಸಾಕಿತ್ತು. ಆದರೆ ಕಲಾವತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ನೋಟದ ಮುಂದೆ ಸುಳ್ಳು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅವರು ಮೈಕು ಎಳೆದುಕೊಂಡು ತಮ್ಮ ಮೈಸೂರು ತಮಿಳಿನಲ್ಲಿ ಎಲ್ಲವನ್ನೂ ಹೇಳಿದರು. ನನ್ನ ಭಾಷೆಯಲ್ಲಿ ಮಾಡಿ ಎಂದರೆ ನಿಮ್ಮ ಪಣ್ಣುಂಗ, ಕೆಲಸ ಮುಂದುವರಿಸಿ ಎಂದರ್ಥ, ಮೇಸ್ತ್ರಿಗೆ ಬೇರೆ ಕೇಳಿಸಿತು, ಒಡೆಸಲು ನಾಚಿಕೆಯಾಗಿ ಪ್ರಬಂಧ ಬರೆದೆ, ಇದರಲ್ಲಿ ಸಿದ್ಧಾಂತ ಗಿದ್ಧಾಂತ ಏನೂ ಇಲ್ಲ ಎಂದರು.

ಇನ್ನೂ ದೊಡ್ಡ ಚಪ್ಪಾಳೆ ಬಿತ್ತು. ಕನ್ನಡದಲ್ಲಿ ಮಹಡಿ ಎಂಬುದೇ ಕ್ರಿಯಾಪದ ಎಂದು ಸುಮೇಧಾ ಗದ್ಗದಿತಳಾದಳು. ಇದರ ಮೇಲೆ ಥೀಸಿಸ್ ಮಾಡಬಹುದೇ ಎಂದು ಒಬ್ಬಳು ಅನುಮತಿ ಕೇಳಿದಳು. ತಪ್ಪು ಕಣ್ರಪ್ಪ, ತಪ್ಪು, ಎಂದು ಗಿರಿಧರ್ ಎಷ್ಟು ಹೇಳಿದರೂ ಅದು ಅವರ ವಿನಯದ ಲೆಕ್ಕಕ್ಕೇ ಹೋಯಿತು.

ಚಪ್ಪಾಳೆ ತಟ್ಟದಿದ್ದವನು ಏಳುಮಲೈ ಒಬ್ಬನೇ. ಶಾಲು ಮಡಿಚಿ ಕಂಕುಳಲ್ಲಿಟ್ಟುಕೊಂಡು ಅವರ ಹತ್ತಿರ ಬಂದ.

"ಹಾಗಾದ್ರೆ ನಾನು ಏನು ಕಟ್ಟಬೇಕಾಗಿತ್ತು ಸಾರ್?"

"ಜಗಲಿ. ನಿಮ್ಮ ತಿಣ್ಣೈ. ಹೋಗೋ ಬರೋ ಜನ ಕೂತ್ಕೊಳ್ಳಲಿ ಅಂತ."

ಏಳುಮಲೈ ತಿರುಗಿ ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ನೋಡಿದ.

"ಕೂತೇ ಇದ್ದಾರಲ್ಲ ಸಾರ್."

ಹೂವಿನಾಕೆ ಬುಟ್ಟಿ ಸರಿಸಿ ಮೂರನೇ ಮೆಟ್ಟಿಲಲ್ಲಿ ಜಾಗ ಮಾಡಿದಳು. ಇಪ್ಪತ್ತಾರು ವರ್ಷ ಕೆಳಗೆ ನಿಂತೇ ವಿವರಿಸಿದ್ದ ಗಿರಿಧರ್ ಮೊದಲ ಸಲ ಅಲ್ಲಿ ಕೂತರು.

ಏಳುಮಲೈ ಮಾತ್ರ ಬಗ್ಗಿ ಕೆಳಗಿನ ಮೆಟ್ಟಿಲ ಅಂಚು ಸವರುತ್ತಿದ್ದ. ಗಾರೆ ಎದ್ದುಹೋಗಿತ್ತು. ನಾಳೆ ಬಂದು ಸರಿಮಾಡಲಾ ಎಂದು ತಮಿಳಿನಲ್ಲಿ ಕೇಳಿದ.

ಗಿರಿಧರ್ ಬಾಯಿ ತೆರೆದರು. "ಮಾ" ಎಂಬಲ್ಲಿಗೆ ನಿಲ್ಲಿಸಿದರು. ಒಮ್ಮೆ ನನ್ನ ಹೆಂಚಿನ ಮಾಡನ್ನು ನೋಡಿ, ಒಂದೊಂದೇ ಅಕ್ಷರ ಬಿಡಿಸಿ ತಮಿಳಿನಲ್ಲಿ ಹೇಳಿದರು:

"ಪಣ್ಣುಂಗ."