ಹಸಿರು ಎಲೆಯ ತೊಟ್ಟಿಲು ಬಟ್ಟೆ

ನನ್ನ ಎಡಗೈ ಹೆಬ್ಬೆರಳಿನ ಮೇಲೆ ಸಾಸಿವೆ ಕಾಳಿನಷ್ಟು ಸುಟ್ಟ ಗುರುತೊಂದಿದೆ. ಕೇಳಿದವರಿಗೆ ಕಾಫಿ ಕಾಯಿಸುವಾಗ ಆದದ್ದು ಅನ್ನುತ್ತೇನೆ. ನಿಮ್ಮ ಮುಂದೆ ನಿಜ ಹೇಳಬಹುದು: ಅದು ಮೊಮ್ಮಗಳಿಗೆಂದು ನಾನೇ ಆರಿಸಿ ತಂದ ಪರಿಸರಸ್ನೇಹಿ ಬಟ್ಟೆ ಮಾಡಿದ ಗುರುತು.

ಕುಣಿಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತನಾಗಿ ತುಮಕೂರಿಗೆ ಬಂದ ಮೇಲೆ ನನಗೆ ಮನೆ ಸುಧಾರಿಸುವ ಹುಚ್ಚು ಹಿಡಿಯಿತು. ಪ್ಲಾಸ್ಟಿಕ್ ಬಿಂದಿಗೆ ಹೋಯಿತು, ಚಾಪೆ ಹೋಯಿತು. ಆಮೇಲೆ ಬಟ್ಟೆಯ ಸರದಿ. ಪರದೆ, ದಿಂಬಿನ ಚೀಲ, ಹುಟ್ಟಲಿರುವ ಕೂಸಿಗೆ ತೊಟ್ಟಿಲು ಬಟ್ಟೆ ಎಲ್ಲ ಹೊಸದು. ಎಲ್ಲದರ ಪೊಟ್ಟಣದ ಮೇಲೂ ಹಸಿರು ಎಲೆಯ ಚಿತ್ರ. ಹೊಸದಕ್ಕೆ ಜಾಗ ಬೇಕಲ್ಲ? ಹೆಂಡತಿ ಶಾರದೆ ಮಗಳ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದ ದಿನ, ಟ್ರಂಕಿನಲ್ಲಿದ್ದ ಹಳೇ ಸೀರೆಗಳ ಗಂಟನ್ನು ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೆ ಕೊಟ್ಟು ಒಂದು ಡಬರಿ ತೆಗೆದುಕೊಂಡೆ.

ಕೂಸು ಮನೆಗೆ ಬರುವ ಹಿಂದಿನ ದಿನ ಬೆಳಿಗ್ಗೆ ಗುಬ್ಬಿಯಿಂದ ನನ್ನ ಅಕ್ಕ ತೊಟ್ಟಿಲು ಕಟ್ಟಲು ಬಂದಳು. ನಮ್ಮಲ್ಲಿ ಎಳೇ ಕೂಸಿಗೆ ಹೊಸ ಬಟ್ಟೆ ಸೋಕಿಸುವುದಿಲ್ಲ. ಉಟ್ಟು, ಒಗೆದು ಮೆತ್ತಗಾದ ಹತ್ತಿಯೇ ಆಗಬೇಕು. ಆದರೂ ನಾನು ಹೆಮ್ಮೆಯಿಂದ ಪೊಟ್ಟಣ ಕೊಟ್ಟೆ. ಅಕ್ಕ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿದಳು. ಅಂಚಿನಿಂದ ಒಂದು ಎಳೆ ಕಿತ್ತು ದೇವರ ದೀಪಕ್ಕೆ ಹಿಡಿದಳು. ಎಳೆ ಸುರುಟಿತು, ಕರಗಿತು, ಕಪ್ಪು ಮಣಿಯಾಯಿತು. ಏನೆಂದು ನೋಡಲು ಚಾಚಿದ ನನ್ನ ಹೆಬ್ಬೆರಳಿಗೆ ತೊಟ್ಟಿಕ್ಕಿ ಅಂಟಿಕೊಂಡಿತು.

"ಏನ್ಲಾ ಇದು? ಪ್ಲಾಸ್ಟಿಕ್ ಕಣೋ! ಕೂಸ್ನ ಇದ್ರೊಳಗೆ ಬೇಯಿಸ್ತೀಯಾ?"

ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರ ಬೂದಿ. ಪಾಲಿಯೆಸ್ಟರ್ ಆದರೆ ಗಟ್ಟಿ ಮಣಿ. ವರ್ಷ ವರ್ಷವೂ ಮಕ್ಕಳ ಮುಂದೆ ದೀಪ ಹಚ್ಚಿ ಇದನ್ನು ತೋರಿಸಿದವನು ನಾನೇ.

ಒಂದೊಂದಾಗಿ ನೋಡುತ್ತ ಹೋದೆವು. ಪರದೆಯ ಎಳೆ: ಮಣಿ. ದಿಂಬಿನ ಚೀಲ: ಮಣಿ. ನಾನು ತೊಟ್ಟಿದ್ದ ಶುದ್ಧ ಕಾಟನ್ ಷರ್ಟು: ಅದೂ ಮಣಿ. ಹೊರಗೆ ಹಾಕಿದೆ ಅಂದುಕೊಂಡ ಪ್ಲಾಸ್ಟಿಕ್ ನನ್ನ ಮೈಮೇಲೇ ಕೂತಿತ್ತು. ಹತ್ತಿ ಎಂದಾದರೂ ಮಣ್ಣಾಗುತ್ತದೆ. ಈ ಮಣಿಗಳು ನನ್ನ ಮೊಮ್ಮಗಳ ಮೊಮ್ಮಕ್ಕಳಿಗೂ ಸಿಗಬಹುದು. ಅಲ್ಲಿಯವರೆಗೆ ಉರಿದು ಬೂದಿಯಾದದ್ದು ಒಲೆ ಪಕ್ಕದ ಮಸಿಬಟ್ಟೆಯ ಎಳೆ ಮಾತ್ರ. ಅದು ನಮ್ಮಮ್ಮನ ಸೀರೆಯ ತುಂಡು.

"ಅಮ್ಮನ ಸೀರೆ ಟ್ರಂಕ್‌ನಾಗೆ ಇದ್ವಲ್ಲ, ತೆಗಿ. ಕೂಸಿಗೇ ಅಂತ ಶಾರದೆ ಎತ್ತಿಟ್ಟವ್ಳೆ," ಅಂದಳು ಅಕ್ಕ.

ನಾನು ಡಬರಿ ತೋರಿಸಿದೆ. ಅಕ್ಕ ಡಬರಿ ನೋಡಿದಳು, ನನ್ನನ್ನು ನೋಡಿದಳು.

"ಮೇಷ್ಟ್ರೇ, ನಿಮ್ಮ ಪಂಚೆನೂ ಕೊಟ್ರೋ?"

ಇಲ್ಲ. ಶಾರದೆಯ ಗಂಟು ಎತ್ತಿಕೊಟ್ಟ ಕೈಯೇ ನನ್ನ ಎರಡು ಹಳೇ ಪಂಚೆಗಳನ್ನು ಬೀರುವಿನ ಮೂಲೆಗೆ ತಳ್ಳಿತ್ತು. ಅವಿಲ್ಲದೆ ನನಗೆ ನಿದ್ದೆ ಬರುವುದಿಲ್ಲ.

ಪಂಚೆಯ ಎಳೆ ಬೂದಿಯಾಯಿತು. ಆ ಡಬರಿಯಲ್ಲೇ ನೀರು ಕುದಿಸಿ ಒಂದನ್ನು ಒಗೆದೆ. ಅಕ್ಕ ತೊಟ್ಟಿಲು ಕಟ್ಟಿದಳು.

ಮರುದಿನ ಶಾರದೆಗೆ ಎಲ್ಲ ಹೇಳಿದೆ. ಅವಳು ಖಾಲಿ ಟ್ರಂಕಿನ ಮುಚ್ಚಳ ತೆಗೆದು, ಮತ್ತೆ ಮುಚ್ಚಿದಳು. ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ನನ್ನತ್ತ ತಿರುಗದೆಯೇ, "ಇನ್ನೊಂದು ಪಂಚೆನೂ ತನ್ನಿ. ಇದು ಒದ್ದೆಯಾದ್ರೆ ಬದಲಾಯಿಸ್ಬೇಕು," ಅಂದಳು.

ತಂದುಕೊಟ್ಟೆ. ಈಗ ನನ್ನ ಪಾಲಿನ ನಿದ್ದೆಯನ್ನೂ ಮೊಮ್ಮಗಳೇ ಮಾಡುತ್ತಾಳೆ. ನಾನು ಹಸಿರು ಎಲೆಯ ಬಟ್ಟೆಯನ್ನೇ ಲುಂಗಿ ಮಾಡಿ ಉಟ್ಟಿದ್ದೇನೆ. ಶಾರದೆ ದೀಪ ಹಚ್ಚುವಾಗ ಮಾತ್ರ ಒಂದು ಮಾರು ದೂರ ನಿಂತು ಕೈ ಮುಗಿಯುತ್ತೇನೆ.