ಮನೆಯಲ್ಲಿ ಯಾರೂ ಇಲ್ಲವಂತೆ

ಗೆಳತಿಯರೇ, ವಾಡಿಯ ನಮ್ಮ ಕ್ವಾರ್ಟರ್ಸಿನಲ್ಲಿ ಇವತ್ತು ನನ್ನ ಮಾನ ಹೋಯಿತು. ನೀರು ಕಾಯಿಸುವ ಹೀಟ್ ಪಂಪನ್ನು ಮಾತಾಡುವ ಸ್ಮಾರ್ಟ್ ಸ್ಪೀಕರಿಗೆ ಜೋಡಿಸಿದವಳು ನಾನೇ. ಯಾರೂ ಇಲ್ಲದಾಗ ಪಂಪ್ ತಾನೇ ನಿಂತು ಕರೆಂಟ್ ಉಳಿಸಲಿ ಎಂದು ನನ್ನ ಫೋನು, ಗಂಡನ ಫೋನು ಎರಡನ್ನೂ ಅದಕ್ಕೆ ಪರಿಚಯಿಸಿದ್ದೆ; ಎರಡೂ ಹೊರಗೆ ಹೋದರೆ ಮನೆ ಖಾಲಿ ಎಂದು ಅದರ ಲೆಕ್ಕ. ನಿದ್ದೆಗೆಟ್ಟ ಕಣ್ಣಲ್ಲಿ ಮಾಡಿದ ಕೆಲಸ, ಆದರೂ ಹೆಮ್ಮೆಯಿತ್ತು.

ಬೆಳಿಗ್ಗೆ ಗಂಡ ಡ್ಯೂಟಿಗೆ ಹೋದ ಮೇಲೆ ನಾನು ಮಗುವಿನ ಔಷಧಿ ತರಲು ಹೋದೆ. ವಾಪಸ್ ಬಂದರೆ ಮೈತುಂಬ ಎಣ್ಣೆ ಹಚ್ಚಿದ ಮಗು ಅತ್ತೆಯ ಸೆರಗಿನೊಳಗೆ ಚೀರುತ್ತಿದೆ. ನಲ್ಲಿಯಲ್ಲಿ ತಣ್ಣೀರು, ಗ್ಯಾಸಿನ ಮೇಲೆ ಪಾತ್ರೆ.

“ಏನಾಯ್ತ್ರಿ ಅತ್ತಿ?”

“ಕೂಸಿಗಿ ಎರೀಬೇಕಂತ ಕುಂತಿದ್ದೆ. ನೀ ಹೊಸ್ತಿಲ ದಾಟಿದ್ದೇ ತಡ, ನಿನ್ನ ಡಬ್ಬಿ ‘ಮನೆಯಲ್ಲಿ ಯಾರೂ ಇಲ್ಲ, ಬಿಸಿನೀರು ಬಂದ್’ ಅಂತು. ನಾ ಇಲ್ಲೇ ಅದೀನಲ್ಲೋ ಹುಚ್ಚಾ ಅಂದೆ. ಕೇಳವಲ್ದು.”

ಅತ್ತೆಯ ಹತ್ತಿರ ಫೋನಿಲ್ಲ. ಅವರನ್ನೂ ಎಣಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಒಂದಿಷ್ಟು ಕಣ್ಣು ಮುಚ್ಚಲೆಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವವರು ಅವರೇ.

“ಇರ್ಲಿ ಬಿಡವಾ, ಡಬ್ಬಿಗೇನು ಗೊತ್ತು,” ಎಂದರು. ಒಂದೆರಡು ಬೈದುಬಿಡಬಾರದಿತ್ತೇ?

ತಪ್ಪಾಯಿತೆಂದು ಕೇಳಿಕೊಂಡು, ಆ ಸೆಟ್ಟಿಂಗನ್ನೇ ತೆಗೆದುಹಾಕಿದೆ. ಸಂಜೆ ಹಾಲಿಗೆ ಹೊರಟಾಗ ಬೆನ್ನ ಹಿಂದೆ ಅತ್ತೆ ಸ್ಪೀಕರಿಗೆ ಹೇಳುತ್ತಿದ್ದರು: “ನೋಡಪಾ, ಆಕಿ ಹೊಂಟಾಳ. ನಾ ಮನ್ಯಾಗೇ ಅದೀನಿ. ನೆಪ್ಪಿಟ್ಕೋ.”

ಹಾಲಿನಂಗಡಿ ಇನ್ನಷ್ಟು ದೂರವಿದ್ದರೆ ಚೆನ್ನಾಗಿತ್ತು.